ಮನೆತನದ ಸ್ವತ್ತೂ ಮಿತಾಕ್ಷರೆಯೂ

ಸಿರಿವಂತ ಮನೆತನದ ಭೂಮಿಕಾಣಿ ತಲೆಮಾರುಗಳವರೆಗೆ ಉಳಿಯಬೇಕಾದರೆ ಅದಕ್ಕೊಂದು ಕಟ್ಟಳೆ ಬೇಕು. ಭರತಖಂಡದ ಬಹುಭಾಗವು ಒಪ್ಪಿಕೊಂಡ ಅಂತಹ ಕಟ್ಟಳೆಯು ನಮ್ಮ ನೆರೆಯ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ ರೂಪುಗೊಂಡಿತೆಂಬುದು ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು.

ಹಿರಿಯರ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ಮೂಲತತ್ತ್ವ. ಆದುದರಿಂದ ಮನೆಯ ಯಜಮಾನನು ಸ್ವತ್ತಿನ ಪಾಲಕನು ಮಾತ್ರ. ಆಪತ್ಕಾಲ, ಕುಟುಂಬದ ಅಗತ್ಯ, ಧರ್ಮಕಾರ್ಯ ಈ ಮೂರರ ಹೊರತು, ಮಕ್ಕಳ ಸಮ್ಮತಿಯಿಲ್ಲದೆ ಅವನು ಹೊಲಮನೆಗಳನ್ನು ಮಾರಲಾಗದು.

ಈ ಜನ್ಮಸಿದ್ಧ ಹಕ್ಕು ಹೆಣ್ಣುಮಕ್ಕಳಿಗೆ ಮಾತ್ರ ಇರಲಿಲ್ಲ. ೧೯೫೬ರಲ್ಲಿ ನಮ್ಮ ಸೀಮೆಯು ಬೀದರ, ಗುಲಬರ್ಗಾ ಜಿಲ್ಲೆಗಳಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿತು. ೨೦೧೪ರಲ್ಲಿ ತೆಲಂಗಾಣದ ಭಾಗವಾಯಿತು. ಗಡಿ ಬದಲಾದರೂ ಕೊಟ್ಟು ತರುವ ನಂಟಸ್ತಿಕೆ ನಿಲ್ಲಲಿಲ್ಲ. ಮಗಳಿಗೂ ಹುಟ್ಟಿನ ಹಕ್ಕನ್ನು ಆಂಧ್ರಪ್ರದೇಶವು ೧೯೮೫ರಲ್ಲಿ, ಕರ್ನಾಟಕವು ೧೯೯೪ರಲ್ಲಿ ನೀಡಿದವು. ಅಷ್ಟರಲ್ಲಿ ಮದುವೆಯಾಗಿದ್ದವರು ಎರಡೂ ಕಡೆ ಹೊರಗುಳಿದರು. ೨೦೦೫ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೊಡೆದು, ಮದುವೆಯಾದ ಮಗಳಿಗೂ ಮಗನಷ್ಟೇ ಪಾಲೆಂದು ವಿಧಿಸಿತು.

ಹೀಗಿದ್ದರೂ ಮಗಳನ್ನು ತವರಿಗೆ ಕರೆದು, ಉಡಿ ತುಂಬಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿ ಕಳುಹಿಸುವ ರೂಢಿ ಅಳಿದಿಲ್ಲ. ಸಮ್ಮತಿಯಿಲ್ಲದೆ ಸ್ವತ್ತು ಕೈಬಿಡಬಾರದೆಂಬುದು ಕಲ್ಯಾಣದ ಪಾಠ. ಹಿರಿಯರು ಪಾಲಿಗೆ ಕೂಡುವ ದಿನ, ಗಡಿಯಾಚೆ ಕೊಟ್ಟ ಮಗಳನ್ನೂ ಕೂರಿಸಿಕೊಂಡು ಅವಳ ಮಾತನ್ನು ಕೇಳಿದರೆ ಆ ಪಾಠವು ಪೂರ್ಣವಾದೀತು.