ಹಾಸು ಹೂಡುವ ಮೊದಲೇ ದಿನ ಕೇಳಿದರೆ

ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಸೀರೆ ಯಾವತ್ತು ಸಿಗುತ್ತದೆ ಎಂದು ಕೇಳಿದರೆ, ಉತ್ತರ ಕೆಲಸ ಎಲ್ಲಿಗೆ ಬಂದಿದೆ ಎಂಬುದರ ಮೇಲೆ ನಿಂತಿರುತ್ತದೆ. ಅಂಚು, ಸೆರಗು ಗೊತ್ತಾಗುವ ಮೊದಲು ಹೇಳಿದ ದಿನ ಬರೀ ಊಹೆ. ಹಾಸು ಮಗ್ಗಕ್ಕೇರಿ ನಾಲ್ಕು ಮೊಳ ನೇಯ್ದ ಮೇಲೆ ಹೇಳಿದ್ದಕ್ಕೆ ತೂಕವಿದೆ. ಅದೇ ಊರಿನ ಟೈಡಲ್ ಪಾರ್ಕಿನಂಥ ಕಡೆ ಸಾಫ್ಟ್‌ವೇರ್ ಬರೆಯುವವರ ಪಾಡು ಬೇರೆ. ಮೊದಲ ಮೀಟಿಂಗಿನಲ್ಲೇ ಕ್ಲೈಂಟ್ ತಾರೀಖು ಕೇಳುತ್ತಾರೆ.

ಒಂದೇ ತಾರೀಖಿಗೆ ಕಟ್ಟುಬೀಳಬಾರದೆಂಬ ವಿವೇಕ ಹಳೆಯದು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ಪರ್ಟ್ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಮೂರು ಅವಧಿ ಬರೆಯುತ್ತಿದ್ದರು: ಎಲ್ಲ ಸುಸೂತ್ರವಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸದಲ್ಲಿ ಪೆಟ್ಟು ತಿಂದ ಫ್ರೆಡ್ ಬ್ರೂಕ್ಸ್ 1975ರಲ್ಲಿ, ಒಟ್ಟು ಅವಧಿಯಲ್ಲಿ ಕೋಡ್ ಬರೆಯಲು ಆರನೇ ಒಂದು ಪಾಲು ಸಾಕು, ಅರ್ಧ ಭಾಗ ಪರೀಕ್ಷೆಗೇ ಬೇಕು ಎಂದರು. ಕೋಡ್ ಮುಗಿದರೆ ಕೆಲಸ ಮುಗಿಯಿತೆಂದು ಇವತ್ತಿಗೂ ಲೆಕ್ಕ ಹಾಕುವವರಿದ್ದಾರೆ. 1979ರಲ್ಲಿ ಐಬಿಎಂನದೇ ಆಲನ್ ಆಲ್ಬ್ರೆಕ್ಟ್ ಕೋಡಿನ ಸಾಲುಗಳನ್ನು ಬಿಟ್ಟು, ಬಳಸುವವರಿಗೆ ಬೇಕಾದ ಸೌಲಭ್ಯಗಳನ್ನೇ ಎಣಿಸುವ ಫಂಕ್ಷನ್ ಪಾಯಿಂಟ್ ಅಳತೆ ತಂದರು.

ಯಾವಾಗ ಅಂದಾಜು ಮಾಡಬೇಕು ಎಂಬ ಪ್ರಶ್ನೆಗೆ ಮುಖಾಮುಖಿಯಾದದ್ದು 1981ರಲ್ಲಿ, ಬ್ಯಾರಿ ಬೋಮ್ ಅವರ ಪುಸ್ತಕದಲ್ಲಿ. ಸಾಫ್ಟ್‌ವೇರ್ ವೆಚ್ಚ ಅಂದಾಜಿಸುವ ಕೊಕೊಮೊ ಎಂಬ ಅವರ ಸೂತ್ರ 63 ಪ್ರಾಜೆಕ್ಟುಗಳನ್ನು ಆಧರಿಸಿತ್ತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅವರು ಬರೆದ ಆಲಿಕೆಯಂಥ ಚಿತ್ರ. ಯೋಚನೆಯ ಹಂತದಲ್ಲಿ ಹೇಳಿದ ವೆಚ್ಚ ಕೊನೆಗೆ ನಾಲ್ಕು ಪಟ್ಟಾಗಬಹುದು, ಕಾಲು ಭಾಗವೂ ಆಗಬಹುದು. ಬೇಕುಬೇಡಗಳು ಖಚಿತವಾದ ಮೇಲೆ ಹಿಗ್ಗುವುದು ಒಂದೂವರೆ ಪಟ್ಟಿನ ಆಸುಪಾಸು. ಈ ಚಿತ್ರವನ್ನು ‘ಅನಿಶ್ಚಿತತೆಯ ಶಂಕು’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದ ಲೇಖಕ ಸ್ಟೀವ್ ಮೆಕಾನೆಲ್ ಒಂದು ಎಚ್ಚರಿಕೆ ಸೇರಿಸಿದರು: ಶಂಕು ತಾನಾಗಿ ಕಿರಿದಾಗುವುದಿಲ್ಲ. ಏನು ಬೇಕು, ಏನು ಬೇಡ ಎಂದು ತೀರ್ಮಾನಿಸಿದಾಗ ಮಾತ್ರ ಕಿರಿದಾಗುತ್ತದೆ. ಮೂರು ತಿಂಗಳು ಕಳೆದ ಮಾತ್ರಕ್ಕೆ ತಾರೀಖು ಗಟ್ಟಿಯಾಗದು. ಸೆರಗಿನ ಮಾತೇ ಮುಗಿಯದಿದ್ದರೆ ಮಗ್ಗ ಕಾದು ಕುಳಿತಂತೆ. 2006ರಲ್ಲಿ ಟಾಡ್ ಲಿಟಲ್ ಎಂಬವರು ತಮ್ಮ ಸಾಫ್ಟ್‌ವೇರ್ ಕಂಪನಿಯ ನಿಜ ಪ್ರಾಜೆಕ್ಟುಗಳ ಲೆಕ್ಕ ತೆಗೆದಾಗಲೂ, ದಿನ ಕಳೆದಂತೆ ಉಳಿದ ಕೆಲಸದ ಅನಿಶ್ಚಿತತೆ ಅಷ್ಟಾಗಿ ಇಳಿದಿರಲಿಲ್ಲ.

ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟಿ ಕೊಡಬೇಕೆಂದ 2001ರ ಅಜೈಲ್ ಪ್ರಣಾಳಿಕೆಯ ನಂತರ, ಎರಡು ವಾರ ಕೆಲಸ ಮಾಡಿ, ಆದದ್ದನ್ನು ಅಳೆದು, ಮುಂದಿನದನ್ನು ಮತ್ತೆ ಅಂದಾಜಿಸುವ ರೂಢಿ ಬೆಳೆಯಿತು. 2012ರ ಸುಮಾರಿಗೆ, ಅಂದಾಜೇ ಬೇಡ ಎನ್ನುವ ವಾದವೂ ಎದ್ದಿತು. ಅದನ್ನು ನಾನು ಪೂರ್ತಿ ಒಪ್ಪಲಾರೆ. ತಿರುಪ್ಪೂರಿನ ಬನಿಯನ್ ರಫ್ತುದಾರರಿಗೆ ಹಡಗಿನ ದಿನ ಮೊದಲೇ ಗೊತ್ತಾಗಿರುತ್ತದೆ; ಅವರ ಸಾಫ್ಟ್‌ವೇರ್ ಸೀಸನ್ ಶುರುವಾಗುವ ಮೊದಲು ಸಿಗಬೇಕು. ಅವರಿಗೆ ಮೊದಲ ದಿನ ಹೇಳಬಹುದಾದದ್ದು ನಾಲ್ಕರಿಂದ ಒಂಬತ್ತು ತಿಂಗಳೆಂಬಂಥ ಅಗಲವಾದ ಉತ್ತರ. ಆರ್ಡರ್, ನೂಲು, ಡೈಯಿಂಗ್ ಲೆಕ್ಕಗಳಲ್ಲಿ ಯಾವುದು ಮೊದಲು ಬೇಕೆಂದು ಅವರೇ ಆರಿಸಿ, ಅದರಲ್ಲೊಂದು ಚೂರು ನಡೆಯುವುದನ್ನು ಕಣ್ಣಾರೆ ಕಂಡ ಮೇಲೆ, ಕರಾರಿನಲ್ಲಿ ತಾರೀಖು ಬರೆಯಬಹುದು.