ಜೈಲರ್ ಮನೆ ಎಲ್ಲಿರಬೇಕು?

ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ ಜೈಲು ವಾರ್ಡರ್ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಪರಪ್ಪನ ಅಗ್ರಹಾರದಲ್ಲಿ ರಾತ್ರಿ ಪಾಳಿಗೆ ಹಾಜರಾಗಲು ಅವರು ವಾಯವ್ಯದಿಂದ ಆಗ್ನೇಯಕ್ಕೆ ಇಡೀ ಬೆಂಗಳೂರನ್ನೇ ದಾಟಬೇಕು. ಸರ್ಕಾರ ಮನೆ ಬಾಡಿಗೆ ಭತ್ಯೆ ಕೊಡುತ್ತದಲ್ಲ, ಎಲ್ಲಿದ್ದರೇನು ಎಂದು ಯಾರಾದರೂ ಕೇಳಬಹುದು. ಕಚೇರಿ ಗುಮಾಸ್ತರ ಮಟ್ಟಿಗೆ ಈ ಮಾತು ಸರಿ. ಜೈಲು ಸಿಬ್ಬಂದಿಯ ವಸತಿಯ ಕಥೆಯೇ ಬೇರೆ.

ಬ್ರಿಟಿಷರು 1894ರಲ್ಲಿ ತಂದ ಕಾರಾಗೃಹ ಕಾಯ್ದೆಯ 16ನೇ ಕಲಮು, ಜೈಲರ್ ಜೈಲಿನಲ್ಲೇ ವಾಸಿಸತಕ್ಕದ್ದು ಎಂದು ವಿಧಿಸಿತು. ಬೇರೆಡೆ ಮನೆ ಮಾಡಬೇಕೆಂದರೆ ಸೂಪರಿಂಟೆಂಡೆಂಟರ ಲಿಖಿತ ಅನುಮತಿ ಬೇಕಿತ್ತು. 19ನೇ ಕಲಮು ಇನ್ನೂ ಬಿಗಿ: ಅನುಮತಿ ಇಲ್ಲದೆ ಒಂದು ರಾತ್ರಿಯೂ ಹೊರಗಿರುವಂತಿಲ್ಲ. ಅನಿವಾರ್ಯವಾಗಿ ಹೊರಗುಳಿದರೆ ಕೂಡಲೇ ಕಾರಣ ವರದಿ ಮಾಡಬೇಕು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿಗೂ ಮದ್ರಾಸಿಗೆ ಸೇರಿದ್ದ ಬಳ್ಳಾರಿಗೂ ಇದೇ ಕಾನೂನು. ಏಕೀಕರಣದ ನಂತರ, 1963ರಲ್ಲಿ, ರಾಜ್ಯಕ್ಕೆ ತನ್ನದೇ ಕಾರಾಗೃಹ ಕಾಯ್ದೆ ಬಂತು.

ಅಂದರೆ ಕ್ವಾರ್ಟರ್ಸ್ ಎಂಬುದು ಸೌಲಭ್ಯವಾಗಿ ಹುಟ್ಟಿದ್ದಲ್ಲ. ಗೋಡೆ, ಬೀಗ, ಕಾವಲು ಗೋಪುರಗಳಂತೆ ಅದೂ ಭದ್ರತೆಯ ಒಂದು ಭಾಗ. ಅಪಾಯದ ಗಂಟೆ ಬಾರಿಸಿದರೆ ಪಾಳಿ ಮುಗಿಸಿ ಮಲಗಿದವರೂ ಎದ್ದು ಓಡಿಬರಬೇಕು. ಇದಕ್ಕೆ ಬೆಲೆ ತೆತ್ತವರು ಮನೆಮಂದಿ. ತಪ್ಪು ಮಾಡದ ಹೆಂಡತಿ ಮಕ್ಕಳೂ ಜೈಲಿನ ಗೋಡೆಯ ಮಗ್ಗುಲಲ್ಲೇ ಸಂಸಾರ ಹೂಡಬೇಕಾಯಿತು. ವಿಶ್ವಸಂಸ್ಥೆ ಒಪ್ಪಿದ 1955ರ ಕನಿಷ್ಠ ನಿಯಮಗಳೂ ಜೈಲಿನ ಮುಖ್ಯಸ್ಥ ಆವರಣದಲ್ಲಿ ಅಥವಾ ತೀರಾ ಸಮೀಪದಲ್ಲಿ ಇರಬೇಕೆಂದೇ ಹೇಳಿದವು.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಇದ್ದದ್ದು ಶೇಷಾದ್ರಿ ರಸ್ತೆಯಲ್ಲಿ, ನಗರದ ನಡುಮಧ್ಯೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇರಿಸಿದ್ದ ಜೈಲು ಇದು. ಕ್ವಾರ್ಟರ್ಸ್ ಸಿಗದವರಿಗೂ ತುಮಕೂರು ರಸ್ತೆಯಿಂದ ಮೆಜೆಸ್ಟಿಕ್ ಬಸ್ಸು ಹಿಡಿದರೆ ಸಾಕಿತ್ತು. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು; ಹಳೆಯ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಜೈಲು ಊರಾಚೆ ಹೋದದ್ದು ಊರಿಗೆ ಒಳ್ಳೆಯದೇ ಆಯಿತೆನ್ನಿ. ಆದರೆ ಉತ್ತರ ಭಾಗದಲ್ಲಿ ಮಕ್ಕಳ ಶಾಲೆ, ಹೆಂಡತಿಯ ಕೆಲಸ ನೆಚ್ಚಿಕೊಂಡ ಸಿಬ್ಬಂದಿಗೆ ದೂರ ಬೆಳೆಯಿತು.

ಮನೆ ಇಲ್ಲದೆಡೆ ಅದರ ಬದಲಿಗೆ ಬಂದದ್ದು ಭತ್ಯೆ. ಅದು ನಿಗದಿಯಾಗುವುದು ಮೂಲ ವೇತನದ ಮೇಲೆ. ಕಟ್ಟುವ ಬಾಡಿಗೆಯ ಮೇಲಲ್ಲ. 2024ರ ಆಗಸ್ಟಿನಿಂದ ಜಾರಿಯಾದ ರಾಜ್ಯ ವೇತನ ಪರಿಷ್ಕರಣೆಯಲ್ಲಿ ಬೆಂಗಳೂರಿಗೆ ಶೇ 20 ಎಂದಾಯಿತು. 30,000 ರೂಪಾಯಿ ಮೂಲ ವೇತನಕ್ಕೆ 6,000. ಈ ಹಣಕ್ಕೆ ನಗರದಲ್ಲಿ ಎಂಥ ಮನೆ ಸಿಕ್ಕೀತೆಂದು ಓದುಗರಿಗೆ ಹೇಳಬೇಕಿಲ್ಲ. 1980–83ರ ನ್ಯಾಯಮೂರ್ತಿ ಮುಲ್ಲಾ ಸಮಿತಿ ಬಾಡಿಗೆ ರಹಿತ ವಸತಿಯ ಪರವಾಗಿದ್ದದ್ದು ಸುಮ್ಮನಲ್ಲ.

2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ದಾಸರಹಳ್ಳಿಯಲ್ಲಿ ರೈಲು ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ, ಹೊಸ ರಸ್ತೆ ನಿಲ್ದಾಣದಲ್ಲಿ ಇಳಿಯಬಹುದು. ಹಗಲು ಪಾಳಿಯವರಿಗೆ ಇದು ದೊಡ್ಡ ಅನುಕೂಲ. ಅಪಾಯದ ಗಂಟೆ ಬಾರಿಸುವ ನಡುರಾತ್ರಿಗಂತೂ ರೈಲಿಲ್ಲ.