ಆಂಗ್ಲ ಗದ್ಯದಲ್ಲಿ ಅಲಂಕಾರವೂ ಅದರ ನಿರಾಕರಣೆಯೂ

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಗದ್ಯವು ಅಲಂಕಾರಗಳನ್ನು ತ್ಯಜಿಸಿ ಸರಳವಾಯಿತೆಂದೂ ಇದಕ್ಕೆ ನೂತನ ವಿಜ್ಞಾನವೇ ಕಾರಣವೆಂದೂ ಹೇಳುವುದುಂಟು. ಆರ್. ಎಫ್. ಜೋನ್ಸ್ ಅವರು 1930ರಲ್ಲಿ ವಿಜ್ಞಾನದ ಪ್ರಭಾವವನ್ನು ಕುರಿತ ಈ ವಾದವನ್ನು ಸಮರ್ಥವಾಗಿ ಮಂಡಿಸಿದರು. ಇದರಲ್ಲಿ ಸತ್ಯಾಂಶವಿದ್ದರೂ ಇದು ಪೂರ್ಣಸತ್ಯವಲ್ಲವೆಂಬುದನ್ನು ನಾವು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಹದಿನಾರನೆಯ ಶತಮಾನದಲ್ಲಿ ಗ್ರೀಕ್, ಲ್ಯಾಟಿನ್ ಭಾಷೆಗಳೆದುರು ತಮ್ಮ ನುಡಿ ಬಡವಾದುದೆಂಬ ಅಳುಕು ಆಂಗ್ಲ ವಿದ್ವಾಂಸರಲ್ಲಿತ್ತು. ಅದನ್ನು ನೀಗಲು ಅಲಂಕಾರಶಾಸ್ತ್ರವು ಒಂದು ಸಾಧನವಾಯಿತು. ಥಾಮಸ್ ವಿಲ್ಸನ್ 1553ರಲ್ಲಿ ವಾಗ್ಮಿತೆಯನ್ನು ಕುರಿತು ಆಂಗ್ಲದಲ್ಲಿಯೇ ಗ್ರಂಥ ರಚಿಸಿದನು. 1589ರಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ, ಜಾರ್ಜ್ ಪಟೆನ್‌ಹ್ಯಾಮನದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಕಾವ್ಯಕಲಾಗ್ರಂಥವು ಇನ್ನೂ ಮುಂದೆ ಹೋಗಿ ಗ್ರೀಕ್ ಅಲಂಕಾರಗಳಿಗೆ ದೇಶೀಯ ನಾಮಗಳನ್ನಿಟ್ಟಿತು: ಐರನಿಗೆ ‘ಒಣ ಅಣಕ’ವೆಂದೂ ಮೆಟಫರಿಗೆ ‘ಸಾಗಣೆಯ ಅಲಂಕಾರ’ವೆಂದೂ ಅದು ಹೆಸರಿಸಿತು. ಈ ನಾಮಗಳು ಬಳಕೆಯಲ್ಲಿ ನಿಲ್ಲಲಿಲ್ಲ. ಆದರೆ ಅವುಗಳ ಹಿಂದಿದ್ದ ಆತ್ಮವಿಶ್ವಾಸ ಗಮನಾರ್ಹವಾದುದು. ಈ ನಡುವೆ ಜಾನ್ ಲಿಲಿಯು 1578ರ ‘ಯೂಫ್ಯೂಸ್’ ಕೃತಿಯಲ್ಲಿ ಸಮತೂಕದ ವಾಕ್ಯಾಂಗಗಳನ್ನೂ ಅನುಪ್ರಾಸವನ್ನೂ ಪ್ರಾಣಿ ಸಸ್ಯಗಳ ಉಪಮೆಗಳನ್ನೂ ಅತಿಯಾಗಿ ಹೆಣೆದನು.

ಅತಿಯಾದುದಕ್ಕೆ ಪ್ರತಿಕ್ರಿಯೆ ಸಹಜ. ವಸ್ತುವನ್ನು ಬಿಟ್ಟು ಪದಗಳ ಬೆನ್ನು ಹತ್ತುವುದನ್ನು ಫ್ರಾನ್ಸಿಸ್ ಬೇಕನ್ 1605ರಲ್ಲಿಯೇ ಆಕ್ಷೇಪಿಸಿದ್ದನು. ರಾಯಲ್ ಸೊಸೈಟಿ ಸ್ಥಾಪಿತವಾದುದು 1660ರಲ್ಲಿ. ಆದುದರಿಂದ ಈ ಅಸಮಾಧಾನವು ಸೊಸೈಟಿಗಿಂತ ಹಳೆಯದು. ಸೊಸೈಟಿಯು ಅದಕ್ಕೆ ಸಂಸ್ಥೆಯ ಬಲವನ್ನು ಕೊಟ್ಟಿತೆನ್ನುವುದು ಯುಕ್ತ. 1667ರಲ್ಲಿ ಸೊಸೈಟಿಯ ಚರಿತ್ರೆಯನ್ನು ಬರೆದ ಥಾಮಸ್ ಸ್ಪ್ರ್ಯಾಟ್, ಪಂಡಿತರ ಮಾತಿಗಿಂತ ಕುಶಲಕರ್ಮಿಗಳ, ಹಳ್ಳಿಗರ, ವರ್ತಕರ ಮಾತೇ ಮೇಲೆಂದನು.

ಆದರೆ ಸ್ಪ್ರ್ಯಾಟನ ಗದ್ಯವನ್ನೇ ಪರೀಕ್ಷಿಸೋಣ. ಶೈಲಿಯ ಆಡಂಬರವನ್ನು ಅವನು ‘ಊತ’ವೆಂದು ಕರೆಯುತ್ತಾನೆ, ತನಗೆ ಪ್ರಿಯವಾದ ಶೈಲಿಯನ್ನು ‘ನಗ್ನ’ವೆನ್ನುತ್ತಾನೆ. ಮಾತಿಗೆ ಊತವೆಲ್ಲಿ, ಉಡುಗೆಯೆಲ್ಲಿ? ಜಾನ್ ಲಾಕ್ ಕೂಡ 1690ರ ತನ್ನ ಪ್ರಬಂಧದಲ್ಲಿ ಆಲಂಕಾರಿಕ ಭಾಷೆಯನ್ನು ವಂಚನೆಯೆಂದು ಖಂಡಿಸಿ, ಒಡನೆಯೇ ವಾಗ್ಮಿತೆಯನ್ನು ಸ್ತ್ರೀಸೌಂದರ್ಯಕ್ಕೆ ಹೋಲಿಸುತ್ತಾನೆ. ಅಲಂಕಾರವನ್ನು ಹೊರದೂಡಲು ಬಂದವರು ಅದರ ಕೈಹಿಡಿದೇ ಬಂದರು.

ಈ ವಿಷಯದಲ್ಲಿ ಕನ್ನಡದ ಅಧ್ಯಾಪಕರು ಎಚ್ಚರದಿಂದಿರಬೇಕು. ಮೆಟಫರ್ ಎಂದರೆ ರೂಪಕವೆಂದು ನಾವು ಪಾಠ ಹೇಳುತ್ತೇವೆ. ನಮ್ಮ ಶಾಸ್ತ್ರದ ರೂಪಕದಲ್ಲಿ ಉಪಮೇಯ, ಉಪಮಾನಗಳೆರಡೂ ಉಕ್ತವಾಗಿ ಅವುಗಳ ಅಭೇದವು ಆರೋಪಿತವಾಗುತ್ತದೆ. ಮೆಟಫರಿನ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಉಪಮೇಯವನ್ನು ನುಂಗಿದ ಅತಿಶಯೋಕ್ತಿಯೂ ದಿನಬಳಕೆಯ ಎಷ್ಟೋ ಲಾಕ್ಷಣಿಕ ಪ್ರಯೋಗಗಳೂ ಅದರಲ್ಲಿ ಸೇರುತ್ತವೆ. ರೂಪಕವನ್ನು ಮಾತ್ರ ಅರಸುವ ವಿದ್ಯಾರ್ಥಿಗೆ ಸ್ಪ್ರ್ಯಾಟನ ‘ಊತ’ವು ಕಾಣಿಸದು, ಅವನ ಗದ್ಯ ನಿರಲಂಕಾರವೆಂದೇ ತೋರುತ್ತದೆ. ಸರಳಶೈಲಿಯು ಅಲಂಕಾರದ ಅಭಾವವಲ್ಲ, ಅದನ್ನು ಮರೆಮಾಡುವ ಇನ್ನೊಂದು ಬಗೆಯೆಂದು ತಿಳಿದರೆ ಆ ಕಾಲದ ಚರಿತ್ರೆಯು ಹೆಚ್ಚು ಸ್ಪಷ್ಟವಾದೀತು.